ಮಿಕ್ಕ ಅನ್ನವೂ ಉಷ್ಣಮಾಪಕವೂ

ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿ ಎದ್ದ ಮೇಲೆ ಅಡುಗೆಯ ಕೋಣೆಯೊಳಕ್ಕೆ ಇಣಿಕಿ ನೋಡುವವರು ಕಡಮೆ. ನೋಡಿದರೆ ಅಲ್ಲಿ ಎರಡು ಬಗೆಯ ಉಳಿಕೆ ಕಾಣುವುದು. ಉಂಡೆದ್ದ ಎಲೆಗಳ ಮೇಲೆ ಉಳಿದುದು ಒಂದು, ಇದು ಎಂಜಲು. ಬಡಿಸದೆ ಕೊಪ್ಪರಿಗೆಯಲ್ಲಿಯೇ ನಿಂತುಹೋದ ಅನ್ನ, ಸಾರು, ಪಲ್ಯಗಳು ಇನ್ನೊಂದು. ಎಂಜಲನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ. ಎರಡನೆಯದಕ್ಕಾದರೋ ಯಾವ ದೋಷವೂ ಇಲ್ಲ. ಒಂದು ಗಂಟೆಯ ಹಿಂದೆ ಬೀಗರಿಗೆ ಉಪಚಾರ ಹೇಳಿ ಬಡಿಸುತ್ತಿದ್ದುದೇ ಅದು. ಆದರೂ ಅನೇಕ ಕಡೆಗಳಲ್ಲಿ ಇವೆರಡೂ ಕೊನೆಗೆ ಒಂದೇ ತಿಪ್ಪೆಯನ್ನು ಸೇರುವುವು.

ಈ ಎರಡನೆಯ ಬಗೆಯ ಅನ್ನವನ್ನು ಹಸಿದವರಿಗೆ ಮುಟ್ಟಿಸಬಾರದೇಕೆ? ಪ್ರಶ್ನೆ ಸುಲಭವಾದುದು. ಉತ್ತರ ಅಷ್ಟು ಸುಲಭವಲ್ಲವೆಂಬುದನ್ನು ನಾವು ಚಳ್ಳಕೆರೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಸೇರಿ ಅಂಥದೊಂದು ಊಟದ ಮನೆಯನ್ನು ಏರ್ಪಡಿಸಲು ಹೊರಟಾಗ ಕಲಿತೆವು. ನಾವು ಕಲಿತುದರಲ್ಲಿ ದಯೆಯ ಪಾಠಕ್ಕಿಂತ ಶಾಖದ ಪಾಠವೇ ಹೆಚ್ಚು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ.

ಒಂದು ಹಿಡಿ ಅಕ್ಕಿಯ ಬೆಲೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಚಿತ್ರದುರ್ಗ ಜಿಲ್ಲೆಯಲ್ಲಿ ಒಂದರ ಪಕ್ಕಕ್ಕೆ ಒಂದು ಇವೆ. ಚಳ್ಳಕೆರೆ ಶೇಂಗಾಕ್ಕೂ ಎಣ್ಣೆಯ ಗಿರಣಿಗಳಿಗೂ ಕಂಬಳಿಗೂ ಹೆಸರಾದರೆ, ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾಗಿದೆ. ಎರಡಕ್ಕೂ ಸಮಾನವಾದ ಸಂಗತಿಯೆಂದರೆ ಮಳೆಯ ಅಭಾವ. ವರ್ಷದಲ್ಲಿ ಇಲ್ಲಿ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಅದೂ ಬಿದ್ದರೆ ಬಿತ್ತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷನೆಂದು ನೆನೆಯುವುದು ಈ ಸೀಮೆಯಲ್ಲಿ ಸಹಜವೇ ಆಗಿದೆ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಬರದಲ್ಲಿ ಮೈಸೂರು ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅನ್ನವನ್ನು ಚೆಲ್ಲಬಾರದೆಂಬ ಮಾತು ಇಲ್ಲಿ ಬರಿಯ ಶಿಷ್ಟಾಚಾರವಲ್ಲ. ಅದು ಅನುಭವದಿಂದ ಬಂದ ಮಾತು.

ಒಂದು ಕಿಲೋಗ್ರಾಂ ಅಕ್ಕಿಯನ್ನು ಬೆಳೆಯಲು ಲೋಕದ ಸರಾಸರಿಯಲ್ಲಿ ಸುಮಾರು 2,500 ಲೀಟರು ನೀರು ಬೇಕೆಂದು ಲೆಕ್ಕ ಹಾಕಿದ್ದಾರೆ. ಒಂದು ಚದರ ಮೀಟರು ನೆಲದ ಮೇಲೆ 500 ಮಿಲಿಮೀಟರು ಮಳೆ ಬಿದ್ದರೆ ಅದು 500 ಲೀಟರು. ಎಂದರೆ, ಒಂದು ಕಿಲೋಗ್ರಾಂ ಅಕ್ಕಿಯೊಳಗೆ ಚಳ್ಳಕೆರೆಯ ಐದು ಚದರ ಮೀಟರು ನೆಲದ ಇಡೀ ವರ್ಷದ ಮಳೆ ಅಡಗಿದೆಯೆಂದು ಭಾವಿಸಬಹುದು. ಇಲ್ಲಿ ಉಣ್ಣುವ ಅಕ್ಕಿ ಹೆಚ್ಚಾಗಿ ಕಾಲುವೆಯ ಸೀಮೆಗಳಿಂದ ಬರುವುದು ನಿಜ. ಆದರೆ ನೀರು ಎಲ್ಲಿಯದಾದರೂ ನೀರೇ ಅಲ್ಲವೆ?

ಈ ನಷ್ಟ ನಮ್ಮ ಊರುಗಳಿಗೆ ಮಾತ್ರ ಸೇರಿದುದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಬಳಕೆದಾರರಿಗೆ ದೊರೆಯುವ ಆಹಾರದಲ್ಲಿ ಇದು ನೂರಕ್ಕೆ 19 ಭಾಗ. ಇದರಲ್ಲಿ 60 ಭಾಗ ವ್ಯರ್ಥವಾದುದು ಮನೆಗಳಲ್ಲಿಯೇ. ನಮ್ಮ ನಾಡಿನ ಮಾತಿಗೆ ಬಂದರೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಧ್ಯಾಪಕರು 75 ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ಆ ಒಂದು ನಗರದ ಮದುವೆಗಳಲ್ಲಿಯೇ ವರ್ಷಕ್ಕೆ ಸುಮಾರು 943 ಟನ್ ಒಳ್ಳೆಯ ಆಹಾರ ಹಾಳಾಗುವುದೆಂದು 2012ರಲ್ಲಿ ತಿಳಿಸಿದರು.

ಇತರರು ಮಾಡಿದುದು

ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರಿದ್ದಾರೆ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 2011ರಲ್ಲಿ ಹಂಟರ್ ಹಾಲ್ಡರ್ ಎಂಬುವರು ಒಂದು ಬೈಸಿಕಲ್ಲನ್ನೇರಿ ಹೋಟೆಲಿನಿಂದ ಹೋಟೆಲಿಗೆ ಹೋಗಿ, ಮಿಕ್ಕ ಊಟವನ್ನು ಸಂಗ್ರಹಿಸಿ ಹಂಚತೊಡಗಿದರು. ಆ ಕೆಲಸದ ಪ್ರೇರಣೆಯಿಂದ 2014ರಲ್ಲಿ ದೆಹಲಿಯಲ್ಲಿ ರಾಬಿನ್‌ಹುಡ್ ಆರ್ಮಿ ಎಂಬ ಸ್ವಯಂಸೇವಕರ ಬಳಗ ಹುಟ್ಟಿತು. ಇಂಗ್ಲೆಂಡಿನ ಲೀಡ್ಸ್ ನಗರದ ಆರ್ಮ್‌ಲಿ ಎಂಬಲ್ಲಿ ಆಡಂ ಸ್ಮಿತ್ ಎಂಬ ಬಾಣಸಿಗರು 2013ರಲ್ಲಿ ಇನ್ನೊಂದು ಬಗೆಯ ಪ್ರಯೋಗ ಮಾಡಿದರು. ಅಂಗಡಿಗಳವರು ಎಸೆಯಲಿದ್ದ ಪದಾರ್ಥಗಳಿಂದಲೇ ಅಡುಗೆ ಮಾಡಿ ಬಡಿಸುವ ಉಪಾಹಾರಗೃಹ ಅದು. ಅಲ್ಲಿ ತಿಂಡಿಗೆ ಗೊತ್ತಾದ ಬೆಲೆಯಿರಲಿಲ್ಲ. ಉಂಡವರು ತಮಗೆ ತೋಚಿದಷ್ಟು ಹಣ ಕೊಡಬಹುದಾಗಿತ್ತು. ಹಣವಿಲ್ಲದವರು ಅಷ್ಟು ಹೊತ್ತು ಕೆಲಸ ಮಾಡಬಹುದಾಗಿತ್ತು. ಆದುದರಿಂದ ಅಲ್ಲಿ ಉಣ್ಣುವವನು ಭಿಕ್ಷುಕನೂ ಅಲ್ಲ, ಬಡಿಸುವವನು ದಾನಿಯೂ ಅಲ್ಲ.

ನಮ್ಮ ವಿದ್ಯಾರ್ಥಿಗಳಿಗೆ ಹಿಡಿಸಿದುದು ಈ ಕೊನೆಯ ಮಾತು. ದಾಸೋಹ, ಪರ್ವ, ಜಾತ್ರೆಗಳ ನಾಡಿನಲ್ಲಿ ಸಾಲಾಗಿ ಕುಳಿತು ಉಣ್ಣುವುದು ಹೊಸತಲ್ಲ. ಬಸ್ಸು ಇಳಿದು ಕೂಲಿಗೆ ಹೋಗುವವರು, ಮಂಡಿಯ ಹಮಾಲರು, ಊರಿಂದ ಬರಿಹೊಟ್ಟೆಯಲ್ಲಿ ಬರುವ ಶಾಲೆಯ ಮಕ್ಕಳು, ಇವರೆಲ್ಲ ನಾಚಿಕೆಯಿಲ್ಲದೆ ಬಂದು ಕೂರುವ ಒಂದು ಕೋಣೆ ಬೇಕೆಂದು ಅವರು ಬಯಸಿದರು. ಕೋಣೆ ದೊರೆಯಿತು, ಪಾತ್ರೆಗಳು ಎರವಾಗಿ ಬಂದುವು, ಒಂದು ಮದುವೆಯ ಮನೆಯವರು ಮಿಕ್ಕ ಅನ್ನವನ್ನು ಕೊಡಲು ಸಂತೋಷದಿಂದ ಒಪ್ಪಿದರು.

ನಮ್ಮ ಮೊದಲ ದಿನ

ಆ ರಾತ್ರಿ ಹತ್ತು ಗಂಟೆಗೆ ಎರಡು ದೊಡ್ಡ ಪಾತ್ರೆಗಳ ತುಂಬ ಅನ್ನ ಬಂದಿತು. ಬೆಳಗ್ಗೆ ಆರು ಗಂಟೆಗೆ ಅದಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನವಾಗಿ ಬಡಿಸುವುದೆಂದು ಗೊತ್ತುಮಾಡಿ, ಧೂಳು ಬೀಳದಂತೆ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಟ್ಟೆವು. ಮದುವೆಯ ಮನೆಯ ವಯಸ್ಸಾದ ಅಡುಗೆಯವರು ಮಾತ್ರ ತಲೆಯಾಡಿಸಿ, "ಮೇಷ್ಟ್ರೇ, ನಾಳೆಗೆ ಅಂತ ಇಡಬೇಡಿ, ಕೊಡೋದಿದ್ರೆ ಈಗಲೇ ಕೊಟ್ಟುಬಿಡಿ" ಎಂದರು. ನಾವು ಆ ಮಾತಿಗೆ ಬೆಲೆ ಕೊಡಲಿಲ್ಲ.

ಬೆಳಗ್ಗೆ ಮುಚ್ಚಳ ತೆಗೆದಾಗ ವಾಸನೆಯೇ ಎಲ್ಲವನ್ನೂ ಹೇಳಿತು. ಅನ್ನ ಅಂಟಂಟಾಗಿತ್ತು. ಸೌಟಿನಿಂದ ತೋಡಿ ನೋಡಿದರೆ, ಎಂಟು ಗಂಟೆ ಕಳೆದಿದ್ದರೂ ನಡುಭಾಗ ಇನ್ನೂ ಬೆಚ್ಚಗಿತ್ತು. "ಸಾರ್, ಚೆನ್ನಾಗಿ ಬಿಸಿ ಮಾಡಿದರೆ ಸರಿಹೋಗುವುದಿಲ್ಲವೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಸರಿಹೋಗುವುದಿಲ್ಲ. ಅನ್ನವನ್ನೆಲ್ಲ ಗುಂಡಿಗೆ ಸುರಿದೆವು. ಬಾಗಿಲಲ್ಲಿ ಕಾದಿದ್ದ ಕೂಲಿಯವರು ಹಸಿದುಕೊಂಡೇ ಕೆಲಸಕ್ಕೆ ಹೋದರು. ಚೆಲ್ಲಿಹೋಗಲಿದ್ದ ಅನ್ನವನ್ನು ಉಳಿಸಹೊರಟ ನಾವು ಅದನ್ನು ಎಂಟು ಗಂಟೆ ತಡಮಾಡಿ ಚೆಲ್ಲಿದೆವು, ಅಷ್ಟೆ. ವಾಸನೆ ಬಾರದೆ ಇದ್ದು ಅದನ್ನು ಬಡಿಸಿಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಭಯವಾಗುವುದು.

ಆ ಪಾತ್ರೆಯೊಳಗೆ ರಾತ್ರಿ ನಡೆದುದೇನು?

ಕುದಿಗೂ ಸಾಯದ ಜೀವಿ

ಅಕ್ಕಿಯೊಡನೆ ಹೊಲದ ಮಣ್ಣಿನಿಂದ ಬರುವ ಬ್ಯಾಕ್ಟೀರಿಯಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದೊಂದು. ಪರಿಸರವು ಪ್ರತಿಕೂಲವಾದಾಗ ಇದು ಗಟ್ಟಿಯಾದ ಕವಚವುಳ್ಳ ಬೀಜಾಣುವಾಗಿ ಮಾರ್ಪಡುವುದು. ಅನ್ನ ಕುದಿಯುವಾಗ ಇತರ ಬ್ಯಾಕ್ಟೀರಿಯಗಳು ಸಾಯುವುವು. ಈ ಬೀಜಾಣುಗಳಲ್ಲಿ ಹಲವು ಬದುಕಿ ಉಳಿಯುವುವು. ಅನ್ನ ಆರುತ್ತ ಬಂದು ಹಿತವಾದ ಬೆಚ್ಚನೆಯ ಸ್ಥಿತಿಗೆ ಇಳಿದಾಗ ಅವು ಮೊಳೆತು ಮತ್ತೆ ಬ್ಯಾಕ್ಟೀರಿಯಗಳಾಗುವುವು. ಆಗ ಅವಕ್ಕೆ ಎದುರಾಳಿಗಳೇ ಇಲ್ಲ; ಇಡೀ ಪಾತ್ರೆ ಅವುಗಳ ಸ್ವತ್ತು.

ಅನುಕೂಲವಾದ ಪರಿಸರದಲ್ಲಿ ಬ್ಯಾಕ್ಟೀರಿಯ ಒಂದು ಎರಡಾಗಲು ಸುಮಾರು 20 ನಿಮಿಷ ಸಾಕು. ಒಂದೇ ಒಂದರಿಂದ ಮೊದಲುಮಾಡೋಣ. ಒಂದು ಗಂಟೆಗೆ 8. ಎರಡು ಗಂಟೆಗೆ 64. ಮೂರು ಗಂಟೆಗೆ 512. ಇಲ್ಲಿಯವರೆಗೆ ಹೆದರುವಂತಹುದೇನೂ ಕಾಣುವುದಿಲ್ಲ. ಆದರೆ ಆರು ಗಂಟೆಗೆ ಅದು 2,62,144 ಆಗುವುದು. ಎಂಟು ಗಂಟೆಗೆ 1,67,77,216! ನಿಜವಾದ ಪಾತ್ರೆಯಲ್ಲಿ ಮೊಳೆಯುವುದಕ್ಕೆ ಹೊತ್ತು ಹಿಡಿಯುವುದರಿಂದಲೂ ಉಷ್ಣತೆ ಬದಲಾಗುತ್ತಿರುವುದರಿಂದಲೂ ಲೆಕ್ಕ ಇಷ್ಟು ಚೊಕ್ಕವಾಗಿರದು. ಆದರೂ ಪಾಠ ಒಂದೇ: ಎಚ್ಚರವನ್ನು ಮೊದಲ ಗಂಟೆಗಳಲ್ಲಿಯೇ ವಹಿಸಬೇಕು, ತಡಮಾಡಿದಷ್ಟೂ ಅಪಾಯ ಬಹುಬೇಗ ಬೆಳೆಯುವುದು.

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಮತ್ತೆ ಬಿಸಿಮಾಡಿದರೆ ಬ್ಯಾಕ್ಟೀರಿಯಗಳು ಸಾಯಬಹುದು. ಆದರೆ ಅವು ಬೆಳೆಯುವಾಗ ಅನ್ನದಲ್ಲಿ ಬಿಟ್ಟಿರುವ ವಾಂತಿಕಾರಕ ವಿಷ ಕುದಿಯುವ ನೀರಿನ ಉಷ್ಣತೆಗೆ ಜಗ್ಗುವಂಥದಲ್ಲ. ಕಳ್ಳ ಸತ್ತರೂ ಅವನು ಇಟ್ಟ ಬೆಂಕಿ ಆರದಂತೆ ಇದು. ಅಂಥ ಅನ್ನ ಉಂಡವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಮೊದಲಾಗುವುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಈ ವಿಷವಿರುವ ಅನ್ನ ಯಾವಾಗಲೂ ಹಳಸಿದ ವಾಸನೆ ಬೀರುವುದೆಂಬ ಭರವಸೆಯಿಲ್ಲ. ಮೂಗನ್ನು ಮಾತ್ರ ನಂಬುವಂತಿಲ್ಲ.

ಆಹಾರ ಸುರಕ್ಷತೆಯನ್ನು ಬಲ್ಲವರು ಈ ಕಾರಣದಿಂದಲೇ ಎರಡು ಗೆರೆಗಳನ್ನು ಎಳೆದಿದ್ದಾರೆ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು, ಇಲ್ಲವೆ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಣ ಪ್ರದೇಶವೇ ಅಪಾಯದ ಪ್ರದೇಶ. ಬಿಸಿಯಾಗಿರಲಿ, ತಣ್ಣಗಿರಲಿ, ಬೆಚ್ಚಗೆ ಮಾತ್ರ ಬೇಡ ಎಂಬುದು ಇದರ ಸಾರ.

ದೊಡ್ಡ ಪಾತ್ರೆಯ ಹಠ

ಮನೆಯ ಸಣ್ಣ ತಪ್ಪಲೆಯ ಅನ್ನ ಬೇಗ ಆರುವುದು. ಮದುವೆಯ ಕೊಪ್ಪರಿಗೆಯದು ಬೆಳಗಾದರೂ ಆರದು. ಇದಕ್ಕೆ ಕಾರಣ ಎರಡು.

ಶಾಖ ತುಂಬಿರುವುದು ಪಾತ್ರೆಯ ಗಾತ್ರದಲ್ಲಿ. ಅದು ಹೊರಹೋಗುವುದು ಮೈಯ ಮೂಲಕ. ಹತ್ತು ಸೆಂಟಿಮೀಟರು ಅಂಚಿನ ಒಂದು ಘನಾಕಾರದ ಡಬ್ಬಿಯಲ್ಲಿ ಒಂದು ಲೀಟರು ಹಿಡಿಯುವುದು. ಅದರ ಮೈ 600 ಚದರ ಸೆಂಟಿಮೀಟರು. ಅಂಚನ್ನು 40 ಸೆಂಟಿಮೀಟರಿಗೆ ಹೆಚ್ಚಿಸಿದರೆ 64 ಲೀಟರು ಹಿಡಿಯುವುದು. ಮೈಯಾದರೋ 9,600 ಚದರ ಸೆಂಟಿಮೀಟರು ಮಾತ್ರ. ಲೀಟರಿಗೆ ಲೆಕ್ಕ ಹಾಕಿದರೆ 150. ಎಂದರೆ ದೊಡ್ಡ ಡಬ್ಬಿಯ ಪ್ರತಿಯೊಂದು ಲೀಟರಿಗೂ ಶಾಖ ಬಿಡಲು ದೊರೆಯುವ ಮೈ ಸಣ್ಣ ಡಬ್ಬಿಯದರ ಕಾಲುಭಾಗ.

ಎರಡನೆಯ ಕಾರಣ ಇನ್ನೂ ಬಲವಾದುದು. ಸಾರಿನಂತಹ ದ್ರವದಲ್ಲಿ ಬಿಸಿಯಾದ ಭಾಗ ಮೇಲಕ್ಕೇರಿ ತಣ್ಣನೆಯದು ಕೆಳಗಿಳಿದು ಶಾಖ ಸಂವಹನವಾಗುವುದು. ಸೌಟಿನಿಂದ ಕದಡಿ ನಾವೂ ನೆರವಾಗಬಹುದು. ಅನ್ನ, ಪೊಂಗಲು, ಉಪ್ಪಿಟ್ಟುಗಳಲ್ಲಿ ಇದು ಸಾಧ್ಯವಿಲ್ಲ. ನಡುವಿನ ಶಾಖ ಅಗುಳಿಂದ ಅಗುಳಿಗೆ ವಹನದ ಮೂಲಕವೇ ಹೊರಬರಬೇಕು. ಈ ಪಯಣಕ್ಕೆ ಒಂದು ವಿಚಿತ್ರವಾದ ನಿಯಮವುಂಟು: ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುವುದು, ದೂರ ಮೂರರಷ್ಟಾದರೆ ಕಾಲ ಒಂಬತ್ತರಷ್ಟು. ಕಾಲವು ದೂರದ ವರ್ಗದಂತೆ ಹೆಚ್ಚುವುದು. ನೀರಿನಿಂದ ಕೂಡಿದ ಆಹಾರಗಳಲ್ಲಿ ಶಾಖವು ಎರಡೂವರೆ ಸೆಂಟಿಮೀಟರು ದೂರ ಹರಡಲು ಸುಮಾರು ಒಂದೂಕಾಲು ಗಂಟೆ ಬೇಕು. ಹದಿನೈದು ಸೆಂಟಿಮೀಟರಿಗೆ? ದೂರ ಆರು ಪಟ್ಟು. ಆದುದರಿಂದ ಕಾಲ 36 ಪಟ್ಟು, ಎಂದರೆ ಸುಮಾರು 45 ಗಂಟೆ! ಮೂವತ್ತು ಸೆಂಟಿಮೀಟರು ದಪ್ಪದ ಅನ್ನದ ರಾಶಿಯ ನಡುವಿಗೆ ರಾತ್ರಿಯೆಂಬುದು ಬಹಳ ಚಿಕ್ಕದು. ಅದೇ ಅನ್ನವನ್ನು ಐದು ಸೆಂಟಿಮೀಟರಿಗೆ ಮೀರದ ದಪ್ಪದಲ್ಲಿ ಹರಡಿ, ಮೇಲೂ ಕೆಳಗೂ ಗಾಳಿಯಾಡುವಂತೆ ಮಾಡಿದರೆ, ನಡುವಿನ ಶಾಖ ಎರಡೂವರೆ ಸೆಂಟಿಮೀಟರು ನಡೆದರೆ ಸಾಕು.

ಪುಳಿಯೋಗರೆಗೆಂದು ನಮ್ಮ ತಾಯಂದಿರು ಅನ್ನವನ್ನು ಪರಾತದಲ್ಲಿ ಹರಡಿ ಬೀಸಣಿಗೆಯಿಂದ ಬೀಸುತ್ತಿದ್ದುದು ಈ ನಿಯಮವನ್ನು ಓದಿಯಲ್ಲ. ಆದರೂ ಅದಕ್ಕಿಂತ ಸರಿಯಾದ ಕ್ರಮವಿಲ್ಲ. ಹರಡಿದ ಅನ್ನದಿಂದ ಏಳುವ ಹಬೆಯೂ ಶಾಖವನ್ನು ಹೊತ್ತೊಯ್ಯುವುದು. ಹತ್ತು ಕಿಲೋಗ್ರಾಂ ಅನ್ನ 90 ಡಿಗ್ರಿಯಿಂದ 30ಕ್ಕೆ ಇಳಿಯುವಾಗ ಬಿಡುವ ಶಾಖವೆಲ್ಲ, ಒಂದು ಲೀಟರಿಗೂ ಕಡಮೆ ನೀರು ಆವಿಯಾಗುವುದಕ್ಕೆ ಬೇಕಾದ ಗುಪ್ತಶಾಖಕ್ಕೆ ಸಮ. ಬಿಗಿಯಾಗಿ ಮುಚ್ಚಿದ ನಮ್ಮ ಮುಚ್ಚಳ ಈ ದಾರಿಯನ್ನೂ ಕಟ್ಟಿಹಾಕಿತ್ತು.

ಬಿಸಿಯ ದಾರಿ, ತಂಪಿನ ದಾರಿ

ದೊಡ್ಡ ಪಾತ್ರೆಯ ಹಠ ನಮಗೆ ಶತ್ರುವೇ ಆಗಬೇಕೆಂದಿಲ್ಲ. ಆರದಿರುವುದು ಅದರ ಗುಣವಾದರೆ, ಅನ್ನವನ್ನು 60 ಡಿಗ್ರಿಗಿಂತ ಮೇಲೆಯೇ ಉಳಿಸಿಕೊಳ್ಳಲು ಅದೇ ಗುಣವನ್ನು ಬಳಸಬಹುದಲ್ಲವೆ? ಚಳ್ಳಕೆರೆಯ ಕಂಬಳಿ ಇಲ್ಲಿ ನೆರವಿಗೆ ಬರುವುದು. ಉಣ್ಣೆಯ ಎಳೆಗಳ ನಡುವೆ ಸೆರೆಸಿಕ್ಕಿದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದು. ಕುರುಬರನ್ನು ಚಳಿಯಿಂದ ಕಾಯುವ ಕಂಬಳಿ ಅನ್ನವನ್ನೂ ಕಾಯಬಲ್ಲದು. ಒಟ್ಟು ಎರಡು ಸೆಂಟಿಮೀಟರು ದಪ್ಪವಾಗುವಂತೆ ಮಡಿಸಿ ಪಾತ್ರೆಗೆ ಸುತ್ತಿದರೆ, ಬರಿಯ ಪಾತ್ರೆ ಕಳೆದುಕೊಳ್ಳುವ ಶಾಖದ ಕಾಲುಭಾಗವೂ ಹೊರಹೋಗದು. ಮರದ ಪೆಟ್ಟಿಗೆಯಲ್ಲಿ ಒಣಗಿದ ಶೇಂಗಾ ಸಿಪ್ಪೆ ತುಂಬಿ ನಡುವೆ ಪಾತ್ರೆಯನ್ನು ಹೂತಿಟ್ಟರೂ ಪರಿಣಾಮ ಇಂಥದೇ. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಪಾತ್ರೆಯನ್ನು ಸುತ್ತುವುದು ಒಲೆಯಿಂದ ಇಳಿಸಿದ ಕೂಡಲೇ ಆಗಬೇಕು. 60ಕ್ಕಿಂತ ಕೆಳಗಿಳಿದ ಅನ್ನಕ್ಕೆ ಕಂಬಳಿ ಹೊದಿಸುವುದೆಂದರೆ ಬ್ಯಾಕ್ಟೀರಿಯಗಳಿಗೆ ತೊಟ್ಟಿಲು ಕಟ್ಟಿದಂತೆ.

ತಂಪಿನ ದಾರಿ ಹೆಚ್ಚು ಕಷ್ಟ. ಆಹಾರವನ್ನು 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೂ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೂ ಇಳಿಸಬೇಕೆಂಬುದು ದೊಡ್ಡ ಅಡುಗೆಮನೆಗಳಲ್ಲಿ ಪಾಲಿಸುವ ನಿಯಮ. ನಮ್ಮ ಸೀಮೆಯ ಬೇಸಗೆಯ ರಾತ್ರಿಯ ಗಾಳಿಯೇ 21 ಡಿಗ್ರಿಗಿಂತ ಬಿಸಿಯಾಗಿರುವಾಗ, ಎಷ್ಟು ತೆಳ್ಳಗೆ ಹರಡಿದರೂ ಗಾಳಿಯನ್ನೇ ನಂಬಿ ಆ ಗುರಿಯನ್ನು ಮುಟ್ಟಲಾರೆವು. ಹಾಗಾದರೆ ಫ್ರಿಜ್ಜು? ಇಪ್ಪತ್ತು ಕಿಲೋಗ್ರಾಂ ಅನ್ನವನ್ನು 60ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 38 ಲಕ್ಷ ಜೂಲ್ ಶಾಖವನ್ನು ತೆಗೆಯಬೇಕು. ಮನೆಬಳಕೆಯ ಫ್ರಿಜ್ಜು ಸೆಕೆಂಡಿಗೆ 100 ಜೂಲಿನಂತೆ ಶಾಖ ತೆಗೆಯುವುದೆಂದು ಭಾವಿಸೋಣ. ಹತ್ತು ಗಂಟೆಗೂ ಹೆಚ್ಚು ಹೊತ್ತು ಬೇಕಾಗುವುದು. ಅಷ್ಟರಲ್ಲಿ ಒಳಗಿದ್ದ ಹಾಲೂ ಕೆಡುವುದು. ಫ್ರಿಜ್ಜು ತಂಪನ್ನು ಕಾಯುವ ಪೆಟ್ಟಿಗೆ. ಬಿಸಿ ರಾಶಿಯನ್ನು ಆರಿಸುವ ಯಂತ್ರವಲ್ಲ.

ಈ ಲೆಕ್ಕಗಳಿಂದ ನಾವು ಒಂದು ತೀರ್ಮಾನಕ್ಕೆ ಬಂದೆವು. ದೊಡ್ಡ ಶೀತಾಗಾರವಿಲ್ಲದ ಊಟದ ಮನೆಯು ಬೇಯಿಸಿದ ಅನ್ನವನ್ನು ರಾತ್ರಿಯಿಡೀ ಇಡಕೂಡದು. ಬಿಸಿಯಾಗಿ ತರಬೇಕು, ಬಿಸಿಯಾಗಿಯೇ ಬಡಿಸಿ ಮುಗಿಸಬೇಕು. ವಯಸ್ಸಾದ ಆ ಅಡುಗೆಯವರು ಒಂದೇ ವಾಕ್ಯದಲ್ಲಿ ಹೇಳಿದ್ದುದು ಇದನ್ನೇ.

ತಂಗಳನ್ನದ ಪ್ರಶ್ನೆ

"ನಮ್ಮಜ್ಜಿ ದಿನವೂ ತಂಗಳನ್ನ ಉಂಡೇ ಎಂಬತ್ತು ವರ್ಷ ಬಾಳಿದರು, ಅವರಿಗೇನಾಯಿತು?" ಎಂದು ಮೊಳಕಾಲ್ಮೂರಿನ ನೇಕಾರರ ಮನೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪ್ರಶ್ನೆ ನ್ಯಾಯವಾದುದು. ಅಜ್ಜಿಯ ಮಡಕೆ ಚಿಕ್ಕದು; ಅದರಲ್ಲಿದ್ದುದು ಎರಡು ಹಿಡಿ ಅನ್ನ. ಅದಕ್ಕೆ ಅವರು ತಣ್ಣೀರು ಸುರಿಯುತ್ತಿದ್ದರು. ಅನ್ನ ನಿಮಿಷಗಳಲ್ಲಿ ಆರುತ್ತಿತ್ತು. ಆಮೇಲೆ ಹುಳಿ ಹುಟ್ಟಿಸುವ ಬೇರೆ ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತಿದ್ದುವು. ಆಮ್ಲ ಹೆಚ್ಚಿದಂತೆ ಕೇಡಿನ ಬ್ಯಾಕ್ಟೀರಿಯಗಳಿಗೆ ಬೆಳೆಯುವುದು ಕಷ್ಟ. ಮಜ್ಜಿಗೆ ಬೆರೆಸಿದ ಅಂಬಲಿಯದೂ ಇದೇ ಬಗೆ. ಅಜ್ಜಿ ಮಾಡುತ್ತಿದ್ದುದು ಅನ್ನವನ್ನು ಮರೆತಿಡುವುದಲ್ಲ, ಕ್ರಮವರಿತು ಹುದುಗಿಸುವುದು. ನಾವು ಮುಚ್ಚಿಟ್ಟ ಐವತ್ತು ಸೇರಿನ ಒಣ ಅನ್ನಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ಸಂತೆಯಲ್ಲಿ ಮಿಕ್ಕ ತರಕಾರಿ

ಊಟದ ಮನೆಗೆ ಇನ್ನೊಂದು ಮೂಲವುಂಟು, ಅದು ಸಂತೆ. ಸಂಜೆಯ ಹೊತ್ತಿಗೆ ಮಾರಾಟವಾಗದೆ ಉಳಿದ ಟೊಮೇಟೊ, ಬದನೆ, ಸೊಪ್ಪುಗಳು ಬೇಯಿಸಿದ ಅನ್ನದಷ್ಟು ಆತುರ ಮಾಡುವುದಿಲ್ಲ. ಅವಕ್ಕೆ 5 ಡಿಗ್ರಿಯ ಚಳಿಯೂ ಬೇಕಿಲ್ಲ; ತಂಪೂ ತೇವವೂ ಇದ್ದರೆ ಕೆಲವು ದಿನ ನಿಲ್ಲುವುವು. ಇಲ್ಲಿ ನಮ್ಮ ಒಣ ಹವೆಯೇ ಉಪಕಾರಿ.

ಬ್ರಹ್ಮಗಿರಿಯು ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದುದು. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಪ್ರಾಚೀನ ಕಾಲದ ಮಡಕೆಯ ಚೂರುಗಳು ಹೇರಳವಾಗಿ ದೊರೆತುವು. ಮಡಕೆಯ ಮೈಯಿಂದ ಒಸರಿ ಆವಿಯಾಗುವ ನೀರು ಒಳಗಿನ ಶಾಖವನ್ನು ಕೊಂಡೊಯ್ಯುವುದನ್ನು ಈ ಸೀಮೆಯ ಜನ ಅನಾದಿಯಿಂದ ಬಲ್ಲರು. ಒಂದು ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚುವ ಉಪಾಯವನ್ನು ನೈಜೀರಿಯದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರು 1990ರ ದಶಕದಲ್ಲಿ ತಮ್ಮ ನಾಡಿನ ಹಳ್ಳಿಗಳಲ್ಲಿ ಪ್ರಚಾರಪಡಿಸಿದರು. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇಟ್ಟಿಗೆಯ ಎರಡು ಗೋಡೆಗಳ ನಡುವೆ ಒದ್ದೆ ಮರಳು ತುಂಬುವ, ವಿದ್ಯುತ್ತಿನ ಗೊಡವೆಯಿಲ್ಲದ ತಂಪುಕೋಣೆಯನ್ನು ರೂಪಿಸಿದರು.

ಇದರ ಮಿತಿಯನ್ನೂ ತಿಳಿದಿರಬೇಕು. ಗಾಳಿ 38 ಡಿಗ್ರಿಯಲ್ಲಿದ್ದು ಅದರ ತೇವ ನೂರಕ್ಕೆ 25ರಷ್ಟಿದ್ದರೆ, ಆವಿಯಾಗುವಿಕೆಯಿಂದ ಇಳಿಯಬಹುದಾದ ಕೊನೆಯ ಉಷ್ಣತೆ ಸುಮಾರು 23 ಡಿಗ್ರಿ. ಟೊಮೇಟೊವಿಗೆ ಇದು ಸ್ವರ್ಗ. ಬೇಯಿಸಿದ ಅನ್ನಕ್ಕೆ ಅಪಾಯದ ಪ್ರದೇಶದ ನಡುಮಧ್ಯ. ಮಡಕೆಯ ತಂಪನ್ನು ನೆಚ್ಚಿ ಅನ್ನ ಇಡಬಾರದು.

ಮನುಷ್ಯರಿಗೆ ಸಲ್ಲದುದು

ಹೊತ್ತು ಮೀರಿದ ಅನ್ನವನ್ನೂ ಎಲೆಯ ಎಂಜಲನ್ನೂ ಏನು ಮಾಡಬೇಕು? ದನಗಳಿಗೆ ಸುರಿದರಾಯಿತೆಂದು ಹಲವರು ಭಾವಿಸುವರು. ಕಲಗಚ್ಚಿನಲ್ಲಿ ಸ್ವಲ್ಪ ಅನ್ನವಿದ್ದರೆ ಬಾಧೆಯಿಲ್ಲ. ಒಮ್ಮೆಗೇ ಬುಟ್ಟಿಗಟ್ಟಲೆ ಅನ್ನ ತಿಂದ ದನದ ಹೊಟ್ಟೆಯಲ್ಲಿ ಆಮ್ಲ ವಿಪರೀತ ಹೆಚ್ಚಿ ಅದು ಸಾಯುವುದೂ ಉಂಟು. ಮೇಲಾಗಿ ಹಳಸಿದುದು ದನಕ್ಕೂ ಹಳಸಿದುದೇ. ತಿಪ್ಪೆಯ ಆಳದಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಏಳುವುದು. ನೂರು ವರ್ಷಗಳ ಲೆಕ್ಕದಲ್ಲಿ ತೂಕಕ್ಕೆ ತೂಕ ನೋಡಿದರೆ, ಅದು ಭೂಮಿಯನ್ನು ಬೆಚ್ಚಗಾಗಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಶಾಲಿ. ಅದೇ ಅನಿಲವನ್ನು ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಹಿಡಿದರೆ ಒಲೆ ಉರಿಯುವುದು; ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುವುದು. ಆದುದರಿಂದ ಕ್ರಮ ಹೀಗಿರಬೇಕು: ಮೊದಲು ಅಳತೆಯರಿತು ಬೇಯಿಸುವುದು, ಮಿಕ್ಕುದು ಮನುಷ್ಯರಿಗೆ, ಮನುಷ್ಯರಿಗೆ ಸಲ್ಲದುದು ಅನಿಲದ ತೊಟ್ಟಿಗೆ, ಇಲ್ಲವೆ ಗೊಬ್ಬರದ ಗುಂಡಿಗೆ.

ಸ್ವಯಂಸೇವಕನ ಕೈಚೀಲ

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವ ಬಗೆಗೆ 2019ರಲ್ಲಿ ನಿಯಮಗಳನ್ನು ಹೊರಡಿಸಿತು. ಆಹಾರದ ಹೆಸರು, ತಯಾರಾದ ದಿನ ಮೊದಲಾದುವನ್ನು ಬರೆದು ಅಂಟಿಸುವುದು, ಕೊಟ್ಟುದಕ್ಕೂ ಹಂಚಿದುದಕ್ಕೂ ದಾಖಲೆಯಿಡುವುದು ಇದರಲ್ಲಿ ಸೇರಿವೆ. ಇದನ್ನು ಕಾಗದದ ಕಾಟವೆಂದು ಬಗೆಯಬಾರದು. ಮೊದಲ ದಿನದ ಪಾಠವಾದ ಮೇಲೆ ನಮ್ಮ ವಿದ್ಯಾರ್ಥಿಗಳು ತಾವೇ ಇನ್ನೂ ಕಟ್ಟುನಿಟ್ಟಾದ ಏರ್ಪಾಡು ಮಾಡಿಕೊಂಡರು.

ಪಾತ್ರೆ ತರಹೋಗುವ ಪ್ರತಿಯೊಬ್ಬನ ಕೈಚೀಲದಲ್ಲಿಯೂ ಒಂದು ಉಷ್ಣಮಾಪಕ, ಒಂದು ಸೀಮೆಸುಣ್ಣದ ಕಡ್ಡಿ. ಉಷ್ಣಮಾಪಕ ಗಾಜಿನದಲ್ಲ, ಉಕ್ಕಿನ ಕಡ್ಡಿಯುಳ್ಳದು; ಗಾಜು ಅನ್ನದಲ್ಲಿ ಮುರಿದರೆ ಬೇರೊಂದು ಅನರ್ಥ. ಅದನ್ನು ಅಂಚಿಗಲ್ಲದೆ ರಾಶಿಯ ನಡುವಿಗೂ, ಹೊರಪದರಕ್ಕೂ, ಎರಡು ಕಡೆ ಚುಚ್ಚಿ ನೋಡಬೇಕು. ಎರಡೂ ಕಡೆ 60 ಡಿಗ್ರಿಗೆ ಮೇಲಿದ್ದರೆ ಮಾತ್ರ ಪಾತ್ರೆ ಮುಂದೆ ಹೋಗುವುದು. ಇಳಿಸಿದ ಹೊತ್ತನ್ನು ಸೀಮೆಸುಣ್ಣದಿಂದ ಪಾತ್ರೆಯ ಮೇಲೆಯೇ ಬರೆಯಬೇಕು. ಬಡಿಸುವವರು ಸಾಬೂನಿನಿಂದ ಕೈ ತೊಳೆದಿರಬೇಕು. ಮುಸುರೆ ಮುಟ್ಟಿದ ಕೈಯನ್ನು ತೊಳೆಯದೆ ಬೇರೊಂದನ್ನು ಮುಟ್ಟಬಾರದೆಂಬ ಹಳೆಯ ಮನೆಗಳ ಕಟ್ಟಳೆ ಇಲ್ಲಿ ಒಳ್ಳೆಯ ವಿಜ್ಞಾನ. ಎಲ್ಲಕ್ಕಿಂತ ಕಷ್ಟದ ನಿಯಮ ಕೊನೆಯದು: ಸಂಶಯ ಬಂದರೆ ಯಾರ ಮನಸ್ಸು ನೊಂದರೂ ಬೇಡವೆನ್ನಬೇಕು. ನಾವು ಉಣ್ಣಲೊಲ್ಲದ ಅನ್ನವನ್ನು ಬಡವನಿಗೆ ಬಡಿಸುವುದು ದಾನವಲ್ಲ.

ಎರಡನೆಯ ಸಲ ಹೋದಾಗ ಮಧ್ಯಾಹ್ನದ ಊಟದ ಮನೆಯೊಂದನ್ನು ಆರಿಸಿಕೊಂಡೆವು. ಕೊನೆಯ ಪಂಕ್ತಿಗೂ ಮೊದಲೇ, ಇನ್ನು ಬೇಕಾಗದೆಂದು ಅಡುಗೆಯವರು ತೋರಿಸಿದ ಪಾತ್ರೆಯನ್ನು ಅಲ್ಲಿಯೇ ಕಂಬಳಿಯಲ್ಲಿ ಸುತ್ತಿದೆವು. ಉಷ್ಣಮಾಪಕ 60ರ ಗೆರೆಗೆ ಸಾಕಷ್ಟು ಮೇಲೆಯೇ ನಿಂತಿತ್ತು. ಒಂದು ಗಂಟೆಯೊಳಗೆ ಪಾತ್ರೆ ಬರಿದಾಯಿತು. ಉಂಡ ಹಮಾಲರಲ್ಲಿ ಒಬ್ಬರು ಎದ್ದು, ಯಾರೂ ಹೇಳದಿದ್ದರೂ ಪಾತ್ರೆಯನ್ನು ಹೊತ್ತು ನಲ್ಲಿಯ ಬಳಿಗೆ ಕೊಂಡೊಯ್ದು ತೊಳೆದುಕೊಟ್ಟರು. ತಮ್ಮ ಪಾಲಿನ ಬೆಲೆಯನ್ನು ಅವರು ಹಾಗೆ ಸಲ್ಲಿಸಿದರು.

ವಾಚಕ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ತಮ್ಮ ಊರುಗಳಲ್ಲಿ ಇಂಥ ಕೆಲಸಕ್ಕೆ ಮುಂದಾಗುವರೆಂದು ನಾವು ನಂಬಿದ್ದೇವೆ. ಹೋಗುವ ಮುನ್ನ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಿ. ಒಂದೇ ಅನ್ನವನ್ನು ಅರ್ಧ ತಪ್ಪಲೆಯಲ್ಲಿ ಮುಚ್ಚಿಡಿ, ಅರ್ಧ ತಟ್ಟೆಯಲ್ಲಿ ಹರಡಿ. ಹತ್ತು ನಿಮಿಷಕ್ಕೊಮ್ಮೆ ಎರಡರ ಉಷ್ಣತೆಯನ್ನೂ ಬರೆದುಕೊಂಡು ನಕ್ಷೆ ಎಳೆಯಿರಿ. ಒಂದು ಗೆರೆ ಥಟ್ಟನೆ ಇಳಿಯುವುದು, ಇನ್ನೊಂದು ಇಳಿಯಲೊಲ್ಲೆನೆನ್ನುವುದು. ಆ ಎರಡು ಗೆರೆಗಳ ನಡುವಣ ಅಂತರದಲ್ಲಿಯೇ ಉಳಿಸಿದ ಅನ್ನಕ್ಕೂ ಕೆಡಿಸಿದ ಅನ್ನಕ್ಕೂ ಇರುವ ವ್ಯತ್ಯಾಸ ಅಡಗಿದೆ.